ನಾನು ತಂದ ತಪ್ಪು ಸರ್ಟಿಫಿಕೇಟು

ಮೊಂತಿ ಹಬ್ಬದ ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ಉಡುಪಿಯ ನಮ್ಮ ವಕೀಲರ ಆಫೀಸಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಪೇಪರಿನಲ್ಲಿ ಸುತ್ತಿದ ಎರಡು ಭತ್ತದ ತೆನೆಗಳನ್ನು ನನ್ನ ಮೇಜಿನ ಮೇಲಿಟ್ಟರು. ಸೆಪ್ಟೆಂಬರ್ ಎಂಟರ ಆ ಹಬ್ಬದಂದು ಇಗರ್ಜಿಯಲ್ಲಿ ಫಾದರ್ ಆಶೀರ್ವದಿಸಿ ಹಂಚಿದ ಹೊಸ ತೆನೆ. ನಮ್ಮ ಕಡೆಯ ಕ್ರಿಸ್ತಾನರ ಮನೆಗಳಲ್ಲಿ ಅದರ ಅಕ್ಕಿಯನ್ನು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಊರಲ್ಲಿಲ್ಲದ ಮಕ್ಕಳಿಗೆ ಬೊಂಬಾಯಿಗಾಗಲಿ ದುಬಾಯಿಗಾಗಲಿ ಕವರಿನಲ್ಲಿ ಹಾಕಿ ಪೋಸ್ಟ್ ಮಾಡುತ್ತಾರೆ. ಈ ಹೆಂಗಸಿನ ಮಗ ಇದ್ದದ್ದು ಬೆಳಗಾವಿಯ ಜೈಲಿನಲ್ಲಿ, ಗಲ್ಲು ಶಿಕ್ಷೆಯವರನ್ನು ಇಡುವ ಒಂಟಿ ಕೋಣೆಯಲ್ಲಿ. ಜೈಲಿನವರು ತೆನೆಯನ್ನು ಅವನ ಕೈಗೆ ಕೊಡಲಿ ಎಂದು ಸೂಪರಿಂಟೆಂಡೆಂಟರಿಗೆ ನಾನೊಂದು ಕಾಗದ ಬರೆದುಕೊಡಬೇಕಿತ್ತು. ಅಷ್ಟನ್ನೇ ಕೇಳಲು ಅವರು ಕಾಪುವಿನಿಂದ ಬಸ್ಸು ಹತ್ತಿ ಬಂದಿದ್ದರು. ಅವನನ್ನು ಗಲ್ಲಿಗೇರಿಸಲು ಇನ್ನು ಹದಿಮೂರು ದಿನ ಉಳಿದಿತ್ತು.

ಹೈಕೋರ್ಟು ಶಿಕ್ಷೆಯನ್ನು ಕಾಯಂ ಮಾಡಿತ್ತು. ಸುಪ್ರೀಂ ಕೋರ್ಟು ಅರ್ಜಿಯನ್ನು ಒಳಗೇ ಬಿಡಲಿಲ್ಲ. ರಾಜ್ಯಪಾಲರ ಕಡೆಯಿಂದ ಇಲ್ಲ ಬಂತು, ರಾಷ್ಟ್ರಪತಿಗಳ ಕಡೆಯಿಂದಲೂ ಇಲ್ಲ ಬಂತು. ನಮ್ಮ ಆಫೀಸಿನಲ್ಲಿ ಆ ಕೇಸಿನ ಕಾಗದದ ಕಟ್ಟಿಗೆ ಕೆಂಪು ದಾರ ಕಟ್ಟಿ ಕಪಾಟಿನ ಮೇಲೆ ಹಾಕಿ ಆಗಿತ್ತು.

ಬರೆಯಲು ಎಷ್ಟು ಹೊತ್ತು ಬೇಕು! ಟೈಪ್‌ರೈಟರಿಗೆ ಕಾಗದ ಏರಿಸಿದೆ. ಸುಮ್ಮನೆ ಮಾತಿಗೆಂದು ಆ ತಾಯಿ ಹೇಳಿದರು, "ಇನ್ನು ಏಳು ದಿನಕ್ಕೆ ಅವನಿಗೆ ಇಪ್ಪತ್ತನಾಲ್ಕು ತುಂಬುತ್ತದೆ ವಕೀಲಮ್ಮ. ಹಬ್ಬದ ಊಟ ಆಗಿ ಎಂಟನೆಯ ದಿನ ಹುಟ್ಟಿದವನು. ಹುಟ್ಟಿದ ದಿನಕ್ಕೆ ಮುಂಚೆ ಇದು ಅವನಿಗೆ ಸಿಕ್ಕಿದರೆ ಸಾಕು."

ನನ್ನ ಕೈ ಅಲ್ಲೇ ನಿಂತಿತು. ಆ ಕೇಸಿನ ಒಂದೊಂದು ಕಾಗದವೂ ನನಗೆ ಬಾಯಿಪಾಠ. ಅವನು ಹುಟ್ಟಿದ್ದು ಫೆಬ್ರವರಿ ತಿಂಗಳಲ್ಲಿ, ಈಗ ಅವನಿಗೆ ಇಪ್ಪತ್ತೇಳೂವರೆ. ಇದು ನನಗೆ ಗೊತ್ತಿರುವುದಕ್ಕೆ ಕಾರಣ ಉಂಟು. ಅವನ ಜ್ಞಾನಸ್ನಾನದ ಸರ್ಟಿಫಿಕೇಟು ತಂದವಳು ನಾನೇ.

ಅವನು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದು ಏನೂ ಇಲ್ಲ. ಕಾರ್ಕಳದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಒಂದು ಜನವರಿಯ ಮಧ್ಯಾಹ್ನ ಮಾಲೀಕರ ಮನೆಗೆ ನುಗ್ಗಿ ಅವರ ಮುದಿ ತಾಯಿಯನ್ನೂ ಮನೆಕೆಲಸದ ಹೆಂಗಸನ್ನೂ ಕತ್ತಿಯಿಂದ ಕಡಿದು ಕೊಂದ, ಕೈಯ ಬಳೆಗಳಿಗಾಗಿ. ಮೂರನೆಯ ದಿನ ನಂದಿಕೂರಿನಲ್ಲಿ ಪೊಲೀಸರು ಹಿಡಿಯಲು ಬಂದಾಗ ಪಾಗಾರದ ಗೋಡೆ ಹಾರಲು ಹೋಗಿ ಬಿದ್ದ. ಬಳೆಗಳು ಅವನ ಸೊಂಟದಲ್ಲೇ ಇದ್ದವು. ಅವನು ಮಾಡಿಲ್ಲ ಎಂದು ನಾವು ಒಂದು ದಿನವೂ ನಂಬಿದವರಲ್ಲ.

ವಕೀಲರನ್ನು ಇಡಲು ಗತಿ ಇಲ್ಲದವನಾದ್ದರಿಂದ ಮಂಗಳೂರಿನ ಸೆಷನ್ಸ್ ಕೋರ್ಟು ನಮ್ಮ ಸೀನಿಯರನ್ನು ಸರಕಾರದ ವತಿಯಿಂದ ನೇಮಿಸಿತು. ನಾನು ಆಗ ಕಪ್ಪು ಕೋಟು ಹಾಕಿ ಮೂರು ತಿಂಗಳಾದ ಜೂನಿಯರು. ಎಲ್ಲೂರಿನ ಹುಡುಗಿ, ತುಳು ಮಾತನಾಡುವ ಮನೆ, ಕೊಂಕಣಿಯಲ್ಲಿ ಬರುತ್ತಿದ್ದದ್ದು ಹತ್ತು ಶಬ್ದ. ಸೀನಿಯರ ಲೆಕ್ಕಾಚಾರ ಸರಳವಾಗಿತ್ತು. ಆರೋಪಿ ಚಿಕ್ಕವನ ಹಾಗೆ ಕಾಣುತ್ತಾನೆ, ವಯಸ್ಸಿನ ಆಧಾರ ಸಿಕ್ಕಿದರೆ ಗಲ್ಲು ತಪ್ಪಿಸಬಹುದು. ಅವನ ತಂದೆ ಆಗಲೇ ತೀರಿಕೊಂಡಿದ್ದ. ಶಾಲೆಗೆ ಹೋದದ್ದು ಎರಡೋ ಮೂರೋ ಕ್ಲಾಸು, ಆ ಶಾಲೆಯಲ್ಲಿ ದಾಖಲೆ ಸಿಗಲಿಲ್ಲ. ನಾನು ಜೈಲಿಗೆ ಹೋಗಿ ಅವನನ್ನೇ ಕೇಳಿದೆ, ಹುಟ್ಟಿದ್ದು ಎಲ್ಲಿ ಎಂದು. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. "ನಾನು ಹಿರಿಯ ಮಗ, ಮೊದಲ ಹೆರಿಗೆ ಅಮ್ಮನ ಊರಲ್ಲೇ ಅಲ್ವಾ, ಅಲ್ಲೇ ಇರಬೇಕು" ಎಂದ.

ಅಮ್ಮನ ಊರು ಕಾಪು ಹತ್ತಿರ. ಅಲ್ಲಿಯ ಇಗರ್ಜಿಗೆ ಹೋದೆ. ರಿಜಿಸ್ಟರಿನಲ್ಲಿ ಅವನ ಹೆಸರು ಸಿಕ್ಕಿತು, ತಂದೆಯ ಹೆಸರು ತಾಯಿಯ ಹೆಸರು ಎರಡೂ ಸರಿ ಹೊಂದಿದವು. ಫಾದರ್ ಸರ್ಟಿಫಿಕೇಟು ಬರೆದು ಮೊಹರು ಒತ್ತಿ ಕೊಟ್ಟರು. ಬಸ್ಸಿನಲ್ಲಿ ಲೆಕ್ಕ ಹಾಕಿದರೆ ಕೊಲೆಯ ದಿನಕ್ಕೆ ಅವನಿಗೆ ಇಪ್ಪತ್ತು ವರ್ಷ ಹನ್ನೊಂದು ತಿಂಗಳು. ನಮಗೆ ಬೇಡವಾದ ವಯಸ್ಸು. ಆದರೂ ಸೀನಿಯರು ಇಪ್ಪತ್ತೊಂದು ತುಂಬಿಲ್ಲವಲ್ಲ ಎಂದು ಅದನ್ನೇ ಹಾಜರುಪಡಿಸಿದರು. ನ್ಯಾಯಾಧೀಶರು ಅದೇ ಕಾಗದವನ್ನು ಹಿಡಿದು, ಇವನು ಬುದ್ಧಿ ಬಲಿಯದ ಹುಡುಗನಲ್ಲ, ಬೆಳೆದ ಗಂಡಸು ಎಂದು ತೀರ್ಪಿನಲ್ಲಿ ಬರೆದು ಗಲ್ಲು ಕೊಟ್ಟರು. ಮೇಲಿನ ಕೋರ್ಟುಗಳೂ ಆ ಸಾಲನ್ನು ಎತ್ತಿ ಎತ್ತಿ ಬರೆದವು.

ಆ ದಿನ ಕಾಪುವಿನಲ್ಲಿ ಇಗರ್ಜಿಯಿಂದ, ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದ ಈ ತಾಯಿಯ ಮನೆಗೆ ಹತ್ತು ನಿಮಿಷದ ದಾರಿ ಇತ್ತು. ಮಗ ಹೀಗೆ ಮಾಡಿದ ನಾಚಿಕೆಗೆ ಅವರು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಕೋರ್ಟಿಗೂ ಬಂದಿರಲಿಲ್ಲ. ನಾನು ಹೋಗಿ ಮಾತನಾಡಿಸಬಹುದಿತ್ತು. ಹೋಗಲಿಲ್ಲ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮತ್ತೆ ಐದೂವರೆಗೇ ಎಂದು ನಿಲ್ದಾಣಕ್ಕೆ ಓಡಿದೆ.

ಈಗ ಅದೇ ತಾಯಿ ನನ್ನೆದುರು ಕೂತು ಸೆಪ್ಟೆಂಬರ್ ಎನ್ನುತ್ತಿದ್ದಾರೆ. "ಬಾಯಮ್ಮ, ಫೆಬ್ರವರಿಯಲ್ಲಿ ಹುಟ್ಟಿದವನಲ್ವಾ ಅವನು? ಇಗರ್ಜಿಯ ಪುಸ್ತಕದಲ್ಲಿ ಹಾಗೆ ಉಂಟು" ಎಂದೆ.

ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಮೇಜಿನ ಕಡೆಗೆ ಬಗ್ಗಿ, ಯಾರೋ ಕೇಳಿಸಿಕೊಳ್ಳುತ್ತಾರೆ ಎನ್ನುವ ಹಾಗೆ ಹೇಳಿದರು, "ಅದು ಇವನಲ್ಲ. ಅದು ದೊಡ್ಡವನು."

ಬಿಟ್ಟು ಬಿಟ್ಟು ಅವರು ಹೇಳಿದ್ದು ಇಷ್ಟು. ಅವರಲ್ಲಿ ಮೊದಲ ಗಂಡುಮಗುವಿಗೆ ಗಂಡನ ತಂದೆಯ ಹೆಸರು ಇಡಬೇಕು. ಇಟ್ಟರು. ಆ ಮಗು ನಡೆಯಲು ಕಲಿಯುವ ಹೊತ್ತಿಗೆ, ಇವರು ತವರಿಗೆ ಬಂದಿದ್ದಾಗ, ಜ್ವರ ಬಂದು ತೀರಿಕೊಂಡಿತು. ಅಜ್ಜನ ಹೆಸರು ಹಾಗೆ ಹೋಗಬಾರದಲ್ಲ, ಮುಂದೆ ಹುಟ್ಟಿದ ಗಂಡುಮಗುವಿಗೆ ಅದೇ ಹೆಸರು. ಸತ್ತ ಮಗುವಿನ ಹೆಸರಿನಲ್ಲಿ ಬದುಕುತ್ತಿದ್ದೀಯ ಎಂದು ಬದುಕಿದವನಿಗೆ ಹೇಳಬಾರದು, ಹೇಳಿದರೆ ಆಯುಸ್ಸಿಗೆ ಕೇಡು ಎಂದು ಅತ್ತೆ ಬಾಯಿ ಕಟ್ಟಿದ್ದರು. ಅದರಿಂದಾಗಿ ಮಗನಿಗೂ ಗೊತ್ತಿಲ್ಲ, ನೆರೆಕರೆಯ ಎಳೆಯರಿಗೂ ಗೊತ್ತಿಲ್ಲ. ಕೋರ್ಟಿನಲ್ಲಿ ಯಾವ ಕಾಗದ ಹೋಗಿದೆ ಎಂದು ತಾಯಿಗೆ ಗೊತ್ತಿಲ್ಲ. ಹೆಸರು, ತಂದೆ, ತಾಯಿ ಎಲ್ಲ ಒಂದೇ ಆದ ಮೇಲೆ ಸರ್ಟಿಫಿಕೇಟು ಬರೆದ ಫಾದರಿಗೂ ಸಂಶಯ ಬರಲು ಕಾರಣವಿಲ್ಲ.

ನಾನು ಹಾಳೆಯ ಹಿಂದೆ ಲೆಕ್ಕ ಹಾಕಿದೆ. ಈ ಸೆಪ್ಟೆಂಬರಿಗೆ ಇಪ್ಪತ್ತನಾಲ್ಕು ಎಂದರೆ ಕೊಲೆಯ ದಿನ ಅವನಿಗೆ ಹದಿನೇಳು ವರ್ಷ ನಾಲ್ಕು ತಿಂಗಳು. ಹದಿನೆಂಟು ತುಂಬದವನಿಗೆ ಗಲ್ಲು ಕೂಡದು ಎಂದು ಕಾನೂನಿನಲ್ಲಿ ಆಗ ಬರೆದಿರಲಿಲ್ಲ, ಆದರೆ ಅಂಥವರಿಗೆ ಗಲ್ಲು ಬೇಡ ಎಂದು ಸುಪ್ರೀಂ ಕೋರ್ಟು ಹೇಳಿದ್ದುಂಟು. ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಹದಿನೇಳು. ಕುರ್ಚಿ ಬೀಳಿಸಿ ಒಳಕೋಣೆಗೆ ನುಗ್ಗಿದೆ.

ಸೀನಿಯರು ನಶ್ಯ ಏರಿಸುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಸೀನುವುದನ್ನೂ ಮರೆತರು. "ತಾಯಿ ಹೇಳಿದರೆ ಆಗಲಿಲ್ಲ ಮಾರಾಯ್ತಿ. ಮಗನನ್ನು ಉಳಿಸಲು ಯಾವ ತಾಯಿಯೂ ಹೇಳುತ್ತಾಳೆ. ದೊಡ್ಡವನು ಸತ್ತದ್ದಕ್ಕೆ ಕಾಗದ ತಾ, ಚಿಕ್ಕವನು ಹುಟ್ಟಿದ್ದಕ್ಕೆ ಕಾಗದ ತಾ. ಮೂರು ದಿನ ಕೊಟ್ಟೆ" ಎಂದರು.

ಜೈಲಿನ ಕಾಗದವನ್ನು ಟೈಪ್ ಮಾಡಿ, ತೆನೆಯ ಜೊತೆ ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿ, ತಾಯಿಯನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಕಾಪುವಿಗೆ ಹೊರಟೆ. ಊಟವೂ ಇಲ್ಲ, ಎಂತದೂ ಇಲ್ಲ. ಆರು ವರ್ಷದ ಹಿಂದಿನ ಅದೇ ಇಗರ್ಜಿ. ಫಾದರ್ ಮಾತ್ರ ಬೇರೆ, ವಯಸ್ಸಾದವರು. ಹಬ್ಬ ಮುಗಿದ ಸುಸ್ತಿನಲ್ಲಿ ಮಲಗಿದ್ದರು. ಎಬ್ಬಿಸಿದ್ದಕ್ಕೆ ಸಿಡುಕಿದರೂ ವಿಷಯ ಕೇಳಿದ ಮೇಲೆ ತಾವೇ ಕಪಾಟಿನ ಬೀಗ ತೆಗೆದರು. ಅವತ್ತು ನಾನು ನೋಡಿದ್ದು ಜ್ಞಾನಸ್ನಾನದ ರಿಜಿಸ್ಟರು ಮಾತ್ರ. ಅದರ ಪಕ್ಕದಲ್ಲೇ, ಒಂದೇ ಹಲಗೆಯ ಮೇಲೆ, ಹೂಳಿದವರ ರಿಜಿಸ್ಟರು ಇತ್ತು. ಕೈ ಚಾಚಿದರೆ ಸಿಗುತ್ತಿತ್ತು!

ಕಾಲಮ್ಮುಗಳೆಲ್ಲ ಲ್ಯಾಟಿನ್ನಿನಲ್ಲಿ. ಫಾದರ್ ಬೆರಳಿಟ್ಟು ಇಳಿಯುತ್ತಾ ಹೋದರು, ನಾನು ಅವರ ಭುಜದ ಮೇಲಿಂದ ಬಗ್ಗಿ ನೋಡುತ್ತಾ ನಿಂತೆ. ಮೂರನೆಯ ಹಾಳೆಯಲ್ಲಿ ಬೆರಳು ನಿಂತಿತು. ಅದೇ ಹೆಸರು. ಇಂಥವರ ಮಗ, ವಯಸ್ಸು ಒಂದು ವರ್ಷ ಎರಡು ತಿಂಗಳು, ಜ್ವರದಿಂದ. ನಾನು ಕೋರ್ಟಿಗೆ ಹಾಜರುಪಡಿಸಿದ ಮನುಷ್ಯ ಕೊಲೆ ನಡೆಯುವುದಕ್ಕೆ ಹತ್ತೊಂಬತ್ತು ಮುಕ್ಕಾಲು ವರ್ಷ ಮೊದಲೇ ಮಣ್ಣಿನಡಿ ಸೇರಿದ್ದ. ಇಗರ್ಜಿ ಎನ್ನುವುದನ್ನೂ ಮರೆತು ನಾನು ಚಪ್ಪಾಳೆ ಹೊಡೆದೆ. ತಿರುಗಿ ನೋಡಿದರೆ ತಾಯಿ ಬಾಗಿಲಿನ ಹತ್ತಿರ ನೆಲದಲ್ಲಿ ಕುಸಿದು ಕೂತಿದ್ದರು. ಎಂಥ ಬುದ್ಧಿ ನನ್ನದು ಎಂದು ನಾಚಿಕೆಯಾಯಿತು. ಆದರೆ ಖುಷಿ ತಡೆಯಲು ಆಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಎರಡನೆಯ ಹೆರಿಗೆ ಗಂಡನ ಮನೆಯಲ್ಲಿ ಆದದ್ದು, ನಿಟ್ಟೆಯ ಕಡೆ. ಹಾಗಾಗಿ ಚಿಕ್ಕವನ ಜ್ಞಾನಸ್ನಾನ ಕಾರ್ಕಳ ಕಡೆಯ ಒಂದು ಇಗರ್ಜಿಯಲ್ಲಿ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಲ್ಲಿಗೆ ಹೋದೆ. ಅಲ್ಲಿಯ ಫಾದರ್ ಎಳೆ ಪ್ರಾಯದವರು, ಉತ್ಸಾಹಿ. ಬೇಕಾದ ವರ್ಷದ ರಿಜಿಸ್ಟರನ್ನು ತಂದು ಮೇಜಿನ ಮೇಲಿಟ್ಟು ಬಿಚ್ಚಿದರು, ಬಿಚ್ಚಿದವರೇ ಅಯ್ಯೋ ಎಂದರು. ಪುಸ್ತಕದ ಮಧ್ಯಕ್ಕೆ ಗೆದ್ದಲು ನುಗ್ಗಿತ್ತು. ಆ ಹಾಳೆಯಲ್ಲಿ ನಮ್ಮವನ ಹೆಸರು ಇತ್ತು, ತಂದೆ ತಾಯಿ ಇದ್ದರು, ಅಂಕಿ ಮೂವತ್ತೊಂದು ಎಂದು ಕ್ರಮಸಂಖ್ಯೆ ಇತ್ತು. ತಾರೀಕು ಇರಬೇಕಾದ ಜಾಗದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು.

ನನಗೆ ಬಂದ ಸಿಟ್ಟು ಹೇಳತೀರದು. ಇಡೀ ಪುಸ್ತಕದಲ್ಲಿ ತಿನ್ನಲು ಬೇರೆ ಜಾಗ ಸಿಗಲಿಲ್ಲವಾ ಈ ಗೆದ್ದಲಿಗೆ? ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು. ಹತ್ತು ನಿಮಿಷ ಕಳೆದಿರಬೇಕು, ಒಳಗಿಂದ ಫಾದರ್ ಕರೆದರು. ಅವರು ಸುಮ್ಮನೆ ಕೂತಿರಲಿಲ್ಲ. "ಇಲ್ಲಿ ನೋಡಿ. ನಾವು ಬರೆಯುವುದು ಸಾಲಾಗಿ, ಒಂದರ ಕೆಳಗೆ ಒಂದು. ನಡುವೆ ತೂರಿಸಲು ಜಾಗವೇ ಇಲ್ಲ. ಇಪ್ಪತ್ತೊಂಬತ್ತನೆಯ ಮಗುವಿನ ತಾರೀಕು ಪೂರ್ತಿ ಉಂಟು, ಮೂವತ್ತಮೂರನೆಯದ್ದೂ ಉಂಟು" ಎಂದರು.

ಬಗ್ಗಿ ನೋಡಿದೆ. ಇಪ್ಪತ್ತೊಂಬತ್ತು ಸೆಪ್ಟೆಂಬರ್ ಒಂಬತ್ತು, ಮೂವತ್ತಮೂರು ಅಕ್ಟೋಬರಿನ ಮೊದಲ ವಾರ. ಮೂವತ್ತೊಂದು ಅವೆರಡರ ನಡುವೆಯೇ ಆಗಬೇಕು. ಹುಟ್ಟಿದ ಕೆಲವೇ ದಿನಕ್ಕೆ ಜ್ಞಾನಸ್ನಾನ ಮಾಡಿಸುತ್ತಾರೆ, ತಾಯಿ ಹೇಳಿದ ಹುಟ್ಟಿದ ದಿನ ಸೆಪ್ಟೆಂಬರ್ ಹದಿನಾರು. ವರ್ಷವೂ ಸರಿ. ಗೆದ್ದಲು ತಾರೀಕನ್ನು ತಿಂದರೂ ಸಾಲನ್ನು ತಿಂದಿರಲಿಲ್ಲ. ಫಾದರ್ ಸರ್ಟಿಫಿಕೇಟಿನಲ್ಲಿ ಒಂದಕ್ಷರ ಹೆಚ್ಚು ಬರೆಯಲು ಒಪ್ಪಲಿಲ್ಲ. ಕಾಣುವುದನ್ನು ಕಾಣುತ್ತದೆ, ಹರಿದದ್ದನ್ನು ಹರಿದಿದೆ ಎಂದೇ ಬರೆದು, ಅಕ್ಕಪಕ್ಕದ ನಾಲ್ಕು ಸಾಲುಗಳನ್ನೂ ನಕಲು ಮಾಡಿ ಮೊಹರು ಒತ್ತಿದರು. ಪೇಟೆಯ ಸ್ಟುಡಿಯೋದಿಂದ ಫೋಟೋಗ್ರಾಫರನ್ನು ಕರೆತಂದು ಹಾಳೆಯ ಫೋಟೋ ತೆಗೆಸಿದೆ.

ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿಯ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬಳು ಬಂದು ಎದುರು ನಿಂತಳು. ಮಲ್ಲಿಗೆ ಮಾರುವವಳು, ಬುಟ್ಟಿ ಸೊಂಟದಲ್ಲಿತ್ತು. ಕೂಡಲೇ ಗುರುತು ಸಿಕ್ಕಿತು. ಕೊಲೆಯಾದ ಮನೆಕೆಲಸದ ಹೆಂಗಸಿನ ಮಗಳು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಳು, ನಮ್ಮ ಸೀನಿಯರು ಅವಳನ್ನು ಅರ್ಧ ಗಂಟೆ ಪಾಟೀಸವಾಲಿಗೆ ನಿಲ್ಲಿಸಿದ್ದರು. ಇವತ್ತು ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವನಿಗೆ ಆಗ ಹದಿನೇಳು ಎನ್ನುವುದಕ್ಕೆ ಕಾಗದ ಸಿಕ್ಕಿದೆ ಎಂದೆ. ಅವಳು ಹೂವಿನ ಮೇಲೆ ನೀರು ಚಿಮುಕಿಸಿದಳು, ಮತ್ತೆ ಚಿಮುಕಿಸಿದಳು.

"ನಿಮ್ಮ ಕೆಲಸ ನೀವು ಮಾಡಿ. ಪಾಪದ ಹುಡುಗ ಅಂತ ಮಾತ್ರ ಬರೆಯಬೇಡಿ. ನನ್ನ ಅಮ್ಮ ಅವನಿಗೆ ದಿನಾ ಗಂಜಿ ಬಡಿಸುತ್ತಿದ್ದಳು."

ಬಸ್ಸು ಬಂತು, ನಾನು ಹತ್ತಿದೆ. ಬೈಲೂರು ದಾಟುವವರೆಗೂ ಅವಳ ಮಾತೇ ತಲೆಯಲ್ಲಿ. ಅರ್ಜಿಯಲ್ಲಿ ಏನು ಬರೆಯಬಾರದು ಎನ್ನುವುದು ಅಲ್ಲಿಗೆ ನಿಶ್ಚಯವಾಯಿತು. ಆಮೇಲೆ ಇನ್ನೊಂದು ಯೋಚನೆ ಹಿಡಿಯಿತು. ಸರಕಾರಿ ವಕೀಲರು ಎದ್ದು ನಿಂತು ಎಂತ ಹೇಳುತ್ತಾರೆ? ತಾರೀಕೇ ಇಲ್ಲದ ಹಾಳೆ, ಕೊನೆಯ ಗಳಿಗೆಯಲ್ಲಿ ಬಾಯಿ ಬಿಟ್ಟ ತಾಯಿ, ಎಲ್ಲ ಕಟ್ಟಿದ ಕಥೆ ಎನ್ನುತ್ತಾರೆ. ಇಗರ್ಜಿಗೂ ತಾಯಿಗೂ ಸಂಬಂಧವಿಲ್ಲದ ಇನ್ನೊಂದು ಆಧಾರ ಬೇಕು. ಹಿರಿಯಡ್ಕದಲ್ಲಿ ಬಸ್ಸು ನಿಂತು ಯಾರೋ ಕೈಗೆ ಪಟ್ಟಿ ಕಟ್ಟಿಕೊಂಡವನು ಹತ್ತಿದ. ನಾನು ಸೀಟಿನಿಂದ ಅರ್ಧ ಎದ್ದೇಬಿಟ್ಟೆ. ಪಾಗಾರ ಹಾರಿ ಬಿದ್ದವನಲ್ಲವಾ ನಮ್ಮವನು! ಪೊಲೀಸರ ದಾಖಲೆಯಲ್ಲೇ ಒಂದು ಗಾಯದ ಸರ್ಟಿಫಿಕೇಟು ಇತ್ತು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು, ಮಣಿಪಾಲದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಿದೆ ಎಂದು ಅದರಲ್ಲಿ ಒಂದು ಸಾಲು. ಆಗ ಯಾರಿಗೂ ಅದು ಬೇಕಾಗಿರಲಿಲ್ಲ. ಪೊಲೀಸರು ಹೊಡೆದದ್ದಾ ಬಿದ್ದದ್ದಾ ಎನ್ನುವಷ್ಟೇ ನಮ್ಮ ತಲೆಬಿಸಿ.

ಮರುದಿನ ಮಣಿಪಾಲಕ್ಕೆ ಹೋದೆ. ಫೋರೆನ್ಸಿಕ್ ವಿಭಾಗದ ಪ್ರೊಫೆಸರು ಮೊದಲು ನನ್ನ ಉತ್ಸಾಹಕ್ಕೆ ತಣ್ಣೀರು ಎರಚಿದರು. ಇಪ್ಪತ್ತನಾಲ್ಕೋ ಇಪ್ಪತ್ತೇಳೋ ಎಂದು ಈಗ ಅವನ ಮೂಳೆ ನೋಡಿ ಹೇಳಲು ಯಾರಿಂದಲೂ ಆಗದು, ಬೆಳವಣಿಗೆ ಮುಗಿದ ಮೇಲೆ ಮೂಳೆ ವಯಸ್ಸು ಹೇಳುವುದಿಲ್ಲ ಎಂದರು. ಈಗಿನ ಮೂಳೆ ಅಲ್ಲ ಸರ್, ಆಗಿನದ್ದು, ಹಿಡಿದ ದಿನವೇ ತೆಗೆದ ಎಕ್ಸ್‌ರೇ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಪೊಲೀಸ್ ಕೇಸಿನ ಫಿಲ್ಮುಗಳನ್ನು ಬಿಸಾಡುವ ಹಾಗಿಲ್ಲ, ಇದ್ದರೆ ಬೇರೆ ಕಪಾಟಿನಲ್ಲಿ ಇರುತ್ತದೆ ಎಂದು ಚೀಟಿ ಬರೆದುಕೊಟ್ಟರು.

ರೆಕಾರ್ಡ್ ರೂಮಿನವರು ಒಳ್ಳೆಯ ಮನುಷ್ಯ, ಆದರೆ ಅವಸರ ಎನ್ನುವುದು ಅವರ ಜಾತಕದಲ್ಲಿ ಇರಲಿಲ್ಲ. ಚಾ ಕುಡಿದು ಬಂದರು, ಲೆಡ್ಜರು ತೆಗೆದರು, ಅದರಲ್ಲಿ ನಂಬರು ಹುಡುಕಿದರು, ಏಣಿ ತಂದರು. ಮೇಲಿನ ಸಾಲಿನಿಂದ ಕಂದು ಕವರುಗಳನ್ನು ಒಂದೊಂದಾಗಿ ಇಳಿಸಿ ನನಗೆ ಕೊಟ್ಟರು, ನಾನು ಕೆಳಗೆ ನಿಂತು ನಂಬರು ಓದಿದೆ. ಧೂಳಿಗೆ ಸೀನಿ ಸೀನಿ ಕಣ್ಣು ಕೆಂಪಾಯಿತು. ಮಧ್ಯಾಹ್ನ ಒಂದೂವರೆಗೆ ಸಿಕ್ಕಿತು. ಪೊಲೀಸ್ ಠಾಣೆಯ ಹೆಸರು, ತಾರೀಕು, ಅವನ ಹೆಸರು. ಅದನ್ನು ಎದೆಗೆ ಒತ್ತಿ ಹಿಡಿದು ಕಾರಿಡಾರಿನಲ್ಲಿ ಓಡಿದೆ. ಸೀರೆ ಉಟ್ಟವಳು ಹಾಗೆ ಓಡುವುದನ್ನು ನೋಡಿ ನರ್ಸುಗಳು ಗೋಡೆಗೆ ಸರಿದು ನಿಂತರು.

ಪ್ರೊಫೆಸರು ಫಿಲ್ಮನ್ನು ಲೈಟಿನ ಪೆಟ್ಟಿಗೆಗೆ ಸಿಕ್ಕಿಸಿದರು. ನನಗೆ ಕಂಡದ್ದು ಬಿಳಿ ಕೈ ಮಾತ್ರ. ಅವರು ಪೆನ್ಸಿಲಿನ ತುದಿಯಿಂದ ಮಣಿಕಟ್ಟಿನ ಹತ್ತಿರ ತೋರಿಸಿದರು, ಅಲ್ಲೊಂದು ತೆಳ್ಳಗಿನ ಕಪ್ಪು ಗೆರೆ. ಬಿರುಕು ಇದಲ್ಲ, ಬಿರುಕು ಪಕ್ಕದಲ್ಲಿ ಉಂಟು ಎಂದರು. ಇದು ಬೆಳೆಯುತ್ತಿರುವ ಮೂಳೆಯ ಗೆರೆ, ಗಂಡುಹುಡುಗರಲ್ಲಿ ಹದಿನೆಂಟು ಹತ್ತೊಂಬತ್ತರ ಹೊತ್ತಿಗೆ ಕೂಡಿಕೊಂಡು ಮಾಯವಾಗುತ್ತದೆ.

"ಹದಿನೇಳೇ ಅಂತ ಆಣೆ ಹಾಕಲಾರೆ. ಇಪ್ಪತ್ತೊಂದು ಅಲ್ಲ ಅಂತ ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ" ಎಂದರು.

ಆ ಸಂಜೆ ಆಫೀಸಿಗೆ ಬಂದಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಸೀನಿಯರು ದೊಡ್ಡವನನ್ನು ಹೂಳಿದ ದಾಖಲೆ, ಗೆದ್ದಲು ತಿಂದ ಹಾಳೆಯ ನಕಲು, ಎಕ್ಸ್‌ರೇ ಮೂರನ್ನೂ ಮೇಜಿನ ಮೇಲೆ ಹರಡಿ ನೋಡಿ, ಭೇಷ್ ಎಂದರು. ಆರು ವರ್ಷದಲ್ಲಿ ಅವರ ಬಾಯಿಂದ ಆ ಶಬ್ದ ಕೇಳಿದ್ದು ಅದೇ ಮೊದಲು. ಆಮೇಲೆ ಹೈಕೋರ್ಟಿಗೆ ಹಾಕುವ ಅಫಿಡವಿಟ್ಟಿನ ಮಾತು ಬಂತು. ತಪ್ಪು ಸರ್ಟಿಫಿಕೇಟು ಕೋರ್ಟಿಗೆ ಹೋದದ್ದು ಹೇಗೆ ಎನ್ನುವುದಕ್ಕೆ ಯಾರಾದರೂ ಪ್ರಮಾಣ ಮಾಡಿ ಉತ್ತರ ಕೊಡಬೇಕು. ಸೀನಿಯರು ನಶ್ಯದ ಡಬ್ಬಿಯನ್ನು ತಿರುಗಿಸುತ್ತಾ ಕೂತರು.

"ಅವನ ತಂದೆ ತಪ್ಪು ಮಾಹಿತಿ ಕೊಟ್ಟ ಅಂತ ಬರೆಯುವ. ಸತ್ತವನು ಬಂದು ಅಲ್ಲ ಅನ್ನುವುದಿಲ್ಲ. ನೀನು ಈಗಷ್ಟೇ ಕಾಲೂರುತ್ತಿದ್ದೀ ಮಾರಾಯ್ತಿ. ವಿಚಾರಿಸದೆ ಕಾಗದ ತಂದು ಕಕ್ಷಿದಾರನನ್ನು ಗಲ್ಲಿಗೆ ಕಳಿಸಿದವಳು ಅಂತ ಹೆಸರು ಬಿದ್ದರೆ ನಾಳೆ ಒಬ್ಬನೂ ನಿನ್ನ ಹತ್ತಿರ ಫೈಲು ತರುವುದಿಲ್ಲ."

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅದರಲ್ಲಿ ಎರಡು ಮಾತಿಲ್ಲ. ನನಗೆ ಹೆದರಿಕೆಯೂ ಆಯಿತು. ಆಗ ಉಡುಪಿಯ ಕೋರ್ಟಿನಲ್ಲಿ ಹೆಂಗಸರೆಂದು ನಾವಿದ್ದದ್ದು ಇಬ್ಬರೋ ಮೂವರೋ, ನಾವು ಬೀಳುವುದನ್ನು ನೋಡಲು ಕಾದು ಕೂತವರು ಬೇಕಾದಷ್ಟು ಮಂದಿ. ಆದರೆ ಮೂರು ದಿನ ಓಡಾಡಿ ತಂದ ಕಾಗದಗಳೆಲ್ಲ ನಿಜ. ಅವುಗಳ ಮೇಲೆ ಒಂದು ಸುಳ್ಳನ್ನು ಹೊದಿಸಿ ಕೋರ್ಟಿಗೆ ಒಯ್ಯಲು ನನ್ನಿಂದ ಆಗುತ್ತಿರಲಿಲ್ಲ. ತಂದೆಯ ಹೆಸರು ಹೇಳಿದರೆ ಅವನು ಯಾವಾಗ ಸತ್ತ ಎಂದು ಸರಕಾರಿ ವಕೀಲರು ಕೇಳುತ್ತಾರೆ, ನಾನು ಇಗರ್ಜಿಗೆ ಹೋಗುವ ಮೊದಲೇ ಸತ್ತವನು ಎಂದು ಗೊತ್ತಾದರೆ ಉಳಿದದ್ದೂ ನೀರು ಪಾಲು ಎಂದೆ. ಸೀನಿಯರು ಡಬ್ಬಿ ತಿರುಗಿಸುವುದನ್ನು ನಿಲ್ಲಿಸಿದರು. ಅದು ಅವರಿಗೆ ಹೊಳೆದಿರಲಿಲ್ಲ.

ಆ ಅಫಿಡವಿಟ್ಟನ್ನು ನಾನೇ ಟೈಪ್ ಮಾಡಿದೆ. ತಾಯಿಯ ಮನೆ ಹತ್ತು ನಿಮಿಷದ ದಾರಿಯಲ್ಲಿದ್ದರೂ ನಾನು ಹೋಗಲಿಲ್ಲ, ಬಸ್ಸು ತಪ್ಪುತ್ತದೆ ಎನ್ನುವುದಲ್ಲದೆ ಬೇರೆ ಕಾರಣವಿರಲಿಲ್ಲ ಎಂದು ಬರೆದೆ. ಆ ದಿನದ ನನ್ನ ಡೈರಿಯ ಹಾಳೆಯನ್ನೂ ಲಗತ್ತಿಸಿದೆ. ತಾಯಿ ತಮ್ಮ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರು. ಪಾಪದ ಹುಡುಗ ಎಂದು ಎಲ್ಲಿಯೂ ಬರೆಯಲಿಲ್ಲ.

ರಾಷ್ಟ್ರಪತಿಗಳಿಗೆ ಹೊಸ ಅರ್ಜಿ ಕಳಿಸಿ, ಅದು ತೀರ್ಮಾನವಾಗುವವರೆಗೆ ತಡೆ ಕೊಡಿ ಎಂದು ಹೈಕೋರ್ಟಿನಲ್ಲಿ ಕೇಳುವುದು ನಮ್ಮ ದಾರಿ. ಬೆಂಗಳೂರಿಗೆ ಸೀನಿಯರೂ ನಾನೂ ಹೋದೆವು. ಅರ್ಜಿಗೆ ಕೂಡಲೇ ನಂಬರು ಸಿಗಲಿಲ್ಲ. ಫೋಟೋಗಳು ಅಸ್ಪಷ್ಟ ಎಂದು ಒಂದು ದಿನ, ಇಂಗ್ಲಿಷ್ ಅನುವಾದಕ್ಕೆ ಸಹಿ ಇಲ್ಲ ಎಂದು ಒಂದು ದಿನ. ಸೆಪ್ಟೆಂಬರ್ ಹದಿನಾರರಂದು ರಿಜಿಸ್ಟ್ರಾರರ ಆಫೀಸಿನ ಬೆಂಚಿನಲ್ಲಿ ಕೂತಿದ್ದಾಗ ಇವತ್ತು ಅವನಿಗೆ ಇಪ್ಪತ್ತನಾಲ್ಕು ತುಂಬಿತು ಎಂದು ನೆನಪಾಯಿತು. ಕಡೆಗೂ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಅರ್ಜಿ ಬಂದಾಗ ಉಳಿದದ್ದು ಎರಡು ದಿನ.

ಸರಕಾರಿ ವಕೀಲರು ನಾನು ಎಣಿಸಿದ ಮಾತನ್ನೇ ಆಡಿದರು. ಆರು ವರ್ಷ ಸುಮ್ಮನಿದ್ದವರು ಕೊನೆಯ ವಾರದಲ್ಲಿ ಒಬ್ಬ ಅಣ್ಣನನ್ನು ಹುಟ್ಟಿಸಿ ಸಾಯಿಸಿದ್ದಾರೆ ಎಂದರು, ಕೋರ್ಟಿನಲ್ಲಿ ಕೂತವರು ನಕ್ಕರು. ಹಿರಿಯ ನ್ಯಾಯಮೂರ್ತಿಗಳು ನಗಲಿಲ್ಲ. ಅವರು ನನ್ನ ಅಫಿಡವಿಟ್ಟನ್ನು ಓದುತ್ತಿದ್ದರು. ಓದಿ ಮುಗಿಸಿ ತಲೆಯೆತ್ತಿ, "ಈ ಸರ್ಟಿಫಿಕೇಟು ತಂದ ವಕೀಲರು ಇಲ್ಲಿ ಇದ್ದಾರೆಯೇ?" ಎಂದರು.

ಎದ್ದು ನಿಂತೆ. ಇದರಲ್ಲಿ ಬರೆದದ್ದು ನಿಮಗೆ ಎಷ್ಟು ಕೆಟ್ಟದ್ದು ಎಂದು ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಎಂದೆ. ಹಾಗಿದ್ದೂ ಯಾಕೆ ಬರೆದಿರಿ ಎಂದರು.

"ಆದದ್ದು ಹಾಗೆಯೇ, ಮೈ ಲಾರ್ಡ್."

ಅವರು ಪಕ್ಕದ ನ್ಯಾಯಮೂರ್ತಿಗಳ ಕಡೆ ಬಗ್ಗಿ ಏನೋ ಹೇಳಿದರು, ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಟ್ಟಿದ ಕಥೆಯಲ್ಲಿ ಯಾರೂ ತಮ್ಮ ಮೇಲೆ ತಾವೇ ಕೆಸರು ಹಾಕಿಕೊಳ್ಳುವುದಿಲ್ಲ ಎಂದು ಸರಕಾರಿ ವಕೀಲರಿಗೆ ಹೇಳಿ, ತಡೆ ಕೊಟ್ಟರು. ಆದೇಶದ ಪ್ರತಿ ಕೈಗೆ ಬಂದದ್ದೇ ತಡ, ಸೀನಿಯರೂ ನಾನೂ ತಾರಾಫೀಸಿಗೆ ಓಡಿದೆವು. ಅರುವತ್ತು ದಾಟಿದ ಮನುಷ್ಯ, ನನಗಿಂತ ಮುಂದೆ ಓಡಿದರು. ಕೋರ್ಟಿನಿಂದ ಜೈಲಿಗೆ ತಂತಿ ಹೋಗುತ್ತದೆ ಎಂದು ಗೊತ್ತಿದ್ದರೂ ನಮ್ಮ ಕಡೆಯಿಂದ ಎರಡು ತಂತಿ ಕೊಟ್ಟೆವು, ಮೇಲೆ ಜೈಲಿಗೆ ಒಂದು ಅತಿ ತುರ್ತಿನ ಲೈಟ್ನಿಂಗ್ ಕಾಲ್ ಬುಕ್ ಮಾಡಿದೆವು. ಬೆಳಗಾವಿಯ ಆ ಕಡೆಯಿಂದ ಜೈಲರು, ತಂತಿ ಸಿಕ್ಕಿದೆ, ಮರಳಿನ ಮೂಟೆ ಇಳಿಸಿದ್ದೇವೆ ಎಂದರು. ಅವನ ತೂಕದ ಮೂಟೆ ಕಟ್ಟಿ ಹಗ್ಗವನ್ನು ಪರೀಕ್ಷಿಸುತ್ತಾರೆ ಎಂದು ನನಗೆ ಗೊತ್ತಾದದ್ದು ಆಗ. ಫೋನು ಇಟ್ಟು ಅಲ್ಲೇ ಕೌಂಟರಿಗೆ ಒರಗಿ ಅತ್ತೆ. ಸೀನಿಯರು ಕರವಸ್ತ್ರ ಕೊಟ್ಟರು, ಅದರ ತುಂಬ ನಶ್ಯ.

ರಾಷ್ಟ್ರಪತಿಗಳ ಆದೇಶ ಬರಲು ಮತ್ತೆ ಒಂದು ವರ್ಷ ಹಿಡಿಯಿತು. ಗಲ್ಲು ಹೋಗಿ ಜೀವಾವಧಿ ಆಯಿತು. ಬಾರ್ ಅಸೋಸಿಯೇಶನ್ನಿನಲ್ಲಿ ಕೆಲವರು ನಕ್ಕರು, ಹೌದು. ಒಂದೆರಡು ವರ್ಷ ನನ್ನ ಹತ್ತಿರ ಫೈಲುಗಳು ಕಡಿಮೆಯೇ ಬಂದವು. ಬದುಕಿದೆ.

ಒಂಟಿ ಕೋಣೆಯಿಂದ ಎಲ್ಲರ ಜೊತೆಗಿನ ಬ್ಯಾರಕ್ಕಿಗೆ ಬಂದ ಮೇಲೆ ಅವನಿಂದ ನನಗೆ ಒಂದು ಕಾರ್ಡು ಬಂತು. ನಡೆದದ್ದನ್ನೆಲ್ಲ ತಾಯಿ ಹೋಗಿ ಅವನಿಗೆ ಹೇಳಿದ್ದರು. ಅಕ್ಷರ ಬಾರದವನು, ಜೊತೆಗಿದ್ದ ಕೈದಿ ಯಾರೋ ಬರೆದುಕೊಟ್ಟದ್ದು. ಅದರಲ್ಲಿ ಥ್ಯಾಂಕ್ಸ್ ಎಂದೇನೂ ಇರಲಿಲ್ಲ.

"ನನಗೆ ಅಣ್ಣ ಇದ್ದ ಅಂತ ಗೊತ್ತಿರಲಿಲ್ಲ. ನವೆಂಬರ್ ಸತ್ತವರ ತಿಂಗಳು. ಅವನಿಗೆ ಒಂದು ಪೂಜೆ ಇಡಿಸಲು ಅಮ್ಮನಿಗೆ ಹೇಳಿ. ಹೆಸರು ನನ್ನದೇ ಕೊಟ್ಟರೆ ಆಯಿತು."

ಕಾರ್ಡು ಹಿಡಿದುಕೊಂಡು ಕಾಪುವಿಗೆ ಹೋದೆ. ಈ ಸಲ ಮೊದಲು ತಾಯಿಯ ಮನೆಗೆ ಹೋಗಿ, ಆಮೇಲೆ ಅವರ ಜೊತೆ ಇಗರ್ಜಿಗೆ. ಫಾದರ್ ಪೂಜೆಯ ಪುಸ್ತಕ ಬಿಚ್ಚಿ, ತೀರಿಕೊಂಡವರ ಹೆಸರು ಎಂತ ಎಂದು ಕೇಳಿದರು. ತಾಯಿ ಬಾಯಿ ತೆರೆದರು, ಶಬ್ದ ಹೊರಡಲಿಲ್ಲ. ಇಪ್ಪತ್ತೈದು ವರ್ಷದಿಂದ ಅವರು ಆ ಹೆಸರನ್ನು ಬದುಕಿದವನಿಗೆ ಮಾತ್ರ ಕರೆದವರು. ಫಾದರ್ ಪೆನ್ನು ಹಿಡಿದು ಕಾದರು, ನಾನೂ ಕಾದೆ. ಬಹಳ ಹೊತ್ತಿನ ಮೇಲೆ ತಾಯಿ ಹೆಸರು ಹೇಳಿದರು, ಹೇಳಿ ಕೂಡಲೇ, ಇದು ದೊಡ್ಡವನು ಫಾದರ್, ದೊಡ್ಡವನು ಅಂತ ಪಕ್ಕದಲ್ಲಿ ಬರೆಯಿರಿ ಎಂದರು.